ನವಿಲು ಗೋಡೆಗೆ ಆರು ಹಿಡಿ ಮಣ್ಣು

ಫೆಬ್ರುವರಿ ಒಂಬತ್ತು, ಸೋಮವಾರ, ಬೆಳಗ್ಗೆ ಏಳು ಗಂಟೆ ನಲವತ್ತು ನಿಮಿಷ. ನಮ್ಮ ಮನೆಯ ಮಗು ಗೋಡೆ ನೆಕ್ಕುತ್ತಿದ್ದಳು.

ನಿತ್ಯಾ ನನ್ನ ಅಕ್ಕ ಶಾರದೆಯ ಮಗಳು. ಆ ದಿನಕ್ಕೆ ಅವಳಿಗೆ ಒಂದು ವರ್ಷ ಎಂಟು ದಿನ. ನಿಲ್ಲುವುದನ್ನು ಈಚೆಗೆ ಕಲಿತಿದ್ದಾಳೆ. ನಿಲ್ಲಬೇಕಾದರೆ ಗೋಡೆ ಬೇಕು. ನಿಂತ ಮೇಲೆ ಎರಡು ಕೈಯೂ ಗೋಡೆಯ ಮೇಲೆಯೇ ಇರುವುದರಿಂದ, ಎದುರಿಗಿರುವುದು ಏನೆಂದು ತಿಳಿಯಲು ಉಳಿಯುವುದು ಬಾಯಿ ಒಂದೇ.

ನಾನು ಬಾಚಣಿಗೆ ಹಿಡಿದುಕೊಂಡು ನಿಂತಿದ್ದೆ. ಮೊದಲು ನಗು ಬಂತು. (ಅದನ್ನೂ ಬರೆದಿಟ್ಟಿದ್ದೇನೆ, ನಾಚಿಕೆಯಾದರೂ.) ಆಮೇಲೆ ಅವಳು ಯಾವ ಬಣ್ಣವನ್ನು ನೆಕ್ಕುತ್ತಿದ್ದಾಳೆ ಎಂದು ನೋಡಿದೆ. ನಗು ಅಲ್ಲಿಗೇ ನಿಂತಿತು.

ಕಂಚು. ಗೋಡೆಯ ಕೆಳಗಿನ ಎರಡೂವರೆ ಅಡಿಯ ಪಟ್ಟಿ.

ಎತ್ತಿಕೊಂಡು ಬಾಯೊಳಗೆ ಬೆರಳು ಹಾಕಿದೆ. ಏನೂ ಸಿಗಲಿಲ್ಲ. ಕೆಳದುಟಿಯ ಮೇಲೆ ಬೂದು ಬೆರೆತ ಹೊಂಬಣ್ಣದ ಒಂದು ಗೆರೆ. ದುಪಟ್ಟಾದಲ್ಲಿ ಒರೆಸಿದೆ. ಗೋಡೆಯ ಮೇಲೆ ಎರಡು ಬೆರಳಗಲ ಒದ್ದೆ. ಒದ್ದೆಯ ನಡುವೆ ಉಗುರಿನಷ್ಟು ಚಕ್ಕೆ ಎದ್ದುಹೋಗಿತ್ತು. ನೆಲದ ಮೇಲೆ ಹುಡುಕಿದೆ. ಚಾಪೆ ಎತ್ತಿ ಕೊಡವಿದೆ. ಚಕ್ಕೆ ಇರಲಿಲ್ಲ.

ನೆಲದ ಮೇಲೆ ಇಲ್ಲದಿದ್ದರೆ ಇನ್ನೆಲ್ಲಿರಬೇಕು?

ಒಲೆಯ ಹತ್ತಿರದಿಂದ ಅಕ್ಕ ಕೂಗಿದಳು. "ಮಂಜೀ, ಬಸ್ ತಪ್ಪೋಗ್ತದೆ ಕಣೇ. ಏನ್ ಮಾಡ್ತಿದ್ದೀಯ ಅಲ್ಲಿ?"

"ಏನಿಲ್ಲ, ಬಂದೆ," ಎಂದೆ.

ನನ್ನ ಅಂಕಣ ಓದುವವರಿಗೆ ನನ್ನ ಚಟ ಗೊತ್ತು. ಬಂಗಾರಪೇಟೆಯ ಹಾಲಿನ ಕೇಂದ್ರವೊಂದರಲ್ಲಿ ದಿನವಿಡೀ ಲೀಟರು, ಫ್ಯಾಟು ಬರೆಯುವುದು ನನ್ನ ಕೆಲಸ. ಮನೆಗೆ ಬಂದ ಮೇಲೂ ಕೈ ಸುಮ್ಮನಿರುವುದಿಲ್ಲ. ಗ್ಯಾಸ್ ಸಿಲಿಂಡರ್ ಬದಲಾಯಿಸಿದ ದಿನ, ಕರೆಂಟ್ ಹೋದ ಗಂಟೆ, ನಿತ್ಯಾಳ ಹಲ್ಲು ಹುಟ್ಟಿದ ಕ್ರಮ, ಎಲ್ಲಕ್ಕೂ ಪುಟ ಇದೆ. ಹಾಗಾಗಿ ಆ ಕಂಚಿನ ಬಣ್ಣದಲ್ಲಿ ಏನಿದೆ ಎಂದು ಹುಡುಕುವುದು ಕಷ್ಟವಾಗಲಿಲ್ಲ. ಜನವರಿ ಇಪ್ಪತ್ತಾರರ ಪುಟದಲ್ಲಿ ನನ್ನದೇ ಅಕ್ಷರದಲ್ಲಿತ್ತು: "ಕಂಚು. ಬಣ್ಣ ನಾಲ್ಕು ಲೀಟರ್. ಸೈನೈಡ್ ಮಣ್ಣು ಆರು ಹಿಡಿ."

ಪುಸ್ತಕ ಮುಚ್ಚಿದೆ. ಬಸ್ ಹತ್ತಿದೆ. ಯಾರಿಗೂ ಏನೂ ಹೇಳಲಿಲ್ಲ.

ಯಾಕೆ ಹೇಳಲಿಲ್ಲ? ಈ ಪ್ರಶ್ನೆಗೆ ಎರಡು ವಾರದಿಂದ ಉತ್ತರ ಹುಡುಕುತ್ತಿದ್ದೇನೆ. ಸಿಕ್ಕಿದ್ದು ಒಂದೇ. ಆ ಗೋಡೆ ನನ್ನ ಐಡಿಯಾ.

ಜನವರಿ ಹದಿನೆಂಟರ ಭಾನುವಾರ ನಾನು ಕ್ಯಾಸಂಬಳ್ಳಿ ಹತ್ತಿರದ ನಮ್ಮ ಊರಿಗೆ ಹೋಗಿದ್ದೆ. ಅಲ್ಲಿ ಅಮ್ಮ ಎರಡು ಹಸು ಸಾಕಿಕೊಂಡಿದ್ದಾಳೆ. ಹುಲ್ಲಿನ ಮೆದೆಯ ಹಿಂದೆ ಒಂದು ನವಿಲುಗರಿ ಬಿದ್ದಿತ್ತು. ಪೂರ್ತಿ ಗರಿ, ಕಣ್ಣು ಒಂದಿಷ್ಟೂ ಮುಕ್ಕಾಗಿರಲಿಲ್ಲ. ಹೊಲಕ್ಕೆ ಈಗ ನವಿಲು ಬರುವುದು ಕಾಗೆ ಬಂದ ಹಾಗೆ. ಅಮ್ಮನಿಗೆ ಅವುಗಳನ್ನು ಕಂಡರೆ ಆಗುವುದಿಲ್ಲ. "ಟೊಮೇಟೊ ಒಂದೂ ಬಿಡಾಕಿಲ್ಲ ಮುಂಡೇವು. ಗರಿ ಎತ್ಕೊಂಡು ಓಗು, ನವಿಲೂ ಎತ್ಕೊಂಡು ಓಗು," ಎಂದಳು.

ಗರಿ ಎತ್ತಿಕೊಂಡು ಬಂದೆ. ಕೆಜಿಎಫ್‌ನ ನಂದಿದುರ್ಗ ಗಣಿಯ ಲೈನ್ ಮನೆಯಲ್ಲಿ ನಾವು ಬಾಡಿಗೆಗಿದ್ದೇವೆ. ನಾನು, ಅಕ್ಕ, ಪಾಪು. ಭಾವ ಹೊಸೂರಿನಲ್ಲಿ ಟೈಲ್ಸ್ ಕೆಲಸ ಮಾಡುತ್ತಾನೆ, ವಾರಕ್ಕೊಮ್ಮೆ ಬರುತ್ತಾನೆ. ಗಣಿ ನಡೆಯುತ್ತಿದ್ದಾಗ ಕಾರ್ಮಿಕರಿಗೆ ಕಟ್ಟಿದ ಸಾಲು ಮನೆಗಳು ಇವು. ಎಲ್ಲಕ್ಕೂ ಒಂದೇ ಬಾಗಿಲು, ಒಂದೇ ಕಿಟಕಿ, ಒಂದೇ ಅಳತೆ. ಹೊರಗಿನಿಂದ ನೋಡಿದರೆ ನಮ್ಮ ಮನೆ ಯಾವುದು ಎಂದು ನಮಗೇ ಅನುಮಾನ ಬರಬೇಕು. ಹಾಗಾಗಿ ಲೈನಿನಲ್ಲಿ ಯಾರಿಗಾದರೂ ತಮ್ಮ ಮನೆ ಬೇರೆಯಾಗಿ ಕಾಣಬೇಕು ಅನ್ನಿಸಿದರೆ ಒಳಗಿನ ಗೋಡೆಯೊಂದೇ ದಾರಿ.

ಈಗ ಎಲ್ಲ ಕಡೆ ನವಿಲು ಬಣ್ಣವೇ ತಾನೇ? ಸೀರೆಯ ಅಂಚು, ಮದುವೆಯ ಕಾರ್ಡು, ಬರ್ತ್‌ಡೇ ಕೇಕು, ಆಟೋದ ಹಿಂದಿನ ಸೀಟು. ಫೋನ್ ತೆರೆದರೆ ಯಾವುದೋ ಊರಿನ ಯಾರದೋ ಹಾಲ್. ಕಡುನೀಲಿ ಗೋಡೆ, ಹಸಿರು ಸೋಫಾ, ಕಂಚಿನ ದೀಪ. ಫೆಬ್ರುವರಿ ಒಂದಕ್ಕೆ ನಿತ್ಯಾಳ ಮೊದಲ ಹುಟ್ಟುಹಬ್ಬ. ಅಕ್ಕನಿಗೆ ಫೋಟೊ ತೋರಿಸಿದೆ.

"ನಮ್ಮನೇಲಿ ಸೋಫಾ ಎಲ್ಲೈತೆ?" ಎಂದಳು ಅಕ್ಕ.

"ಗೋಡೆ ಐತಲ್ಲ," ಎಂದೆ.

ಗರಿಯನ್ನು ಎದುರಿಗಿಟ್ಟುಕೊಂಡು ಸ್ಕೀಮ್ ಬರೆದೆ. ಕಣ್ಣಿನ ನಡುವಿನ ಕಡುನೀಲಿ ಸೂರಿನಿಂದ ಕೆಳಗೆ ನಾಲ್ಕು ಅಡಿ. ಅದರ ಸುತ್ತಲಿನ ಹಸಿರು ಬೆರೆತ ನೀಲಿ ನಡುವೆ ಮೂರು ಅಡಿ. ಕಂಚಿನ ಉಂಗುರ ಕೆಳಗೆ ಎರಡೂವರೆ ಅಡಿ. ಅಂಚಿನ ಗಿಣಿಹಸಿರು ಕಿಟಕಿಯ ಚೌಕಟ್ಟಿಗೆ. ಮನೆ ಚಿಕ್ಕದಾದರೆ ಗಾಢ ಬಣ್ಣ ಒಂದೇ ಗೋಡೆಗೆ ಸಾಕು, ಉಳಿದ ಮೂರಕ್ಕೆ ಮೊಸರಿನ ಬಿಳಿ. ಇದೆಲ್ಲ ನಾನು ಫೋನಿನಲ್ಲಿ ಓದಿದ್ದೆ. ಓದದೇ ಇದ್ದದ್ದೂ ಒಂದಿತ್ತು, ಅದಕ್ಕೆ ಆಮೇಲೆ ಬರುತ್ತೇನೆ.

ಪೇಂಟರ್ ಕುಮಾರಣ್ಣ ನಮ್ಮ ಲೈನಿನವರೇ. ಮೂವತ್ತು ವರ್ಷದಿಂದ ಇದೇ ಕೆಲಸ. ಕನ್ನಡ, ತಮಿಳು, ತೆಲುಗು ಮೂರನ್ನೂ ಒಂದೇ ಡಬ್ಬದಲ್ಲಿ ಕಲಸಿ ಮಾತಾಡುತ್ತಾರೆ. ಗರಿಯನ್ನು ಬಾಗಿಲ ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು. ಒಂದು ಎಳೆ ಕಿತ್ತು ಎರಡು ಬೆರಳ ನಡುವೆ ಚೆನ್ನಾಗಿ ತಿಕ್ಕಿ ತೋರಿಸಿದರು. ಬೆರಳಿನ ಮೇಲೆ ಉಳಿದದ್ದು ಕಂದು ಪುಡಿ.

"ನೋಡುಮ್ಮಾ, ಇದ್ರಲ್ಲಿ ನೀಲಿ ಇಲ್ಲೇ ಇಲ್ಲ. ಬೆಳಕು ಆಡೋ ಆಟ ಅಷ್ಟೆ. ನನ್ ಡಬ್ಬದಲ್ಲಿ ಇರೋದು ನಿಜವಾದ ನೀಲಿ. ಗರಿ ಥರ ಬೇಕು ಅಂತ ಆಮೇಲೆ ಸಂಡೆ ಆಡ್ಬಾರ್ದು." (ಸಂಡೆ ಎಂದರೆ ಜಗಳ.)

ಅದು ನಿಜವೇ ಎಂದು ನಾನು ಪರೀಕ್ಷೆ ಮಾಡಿದೆ. ಬೆಳಗ್ಗೆ ಏಳಕ್ಕೆ ಗರಿ ಹಸಿರು. ಮಧ್ಯಾಹ್ನ ಒಂದಕ್ಕೆ ನೀಲಿ. ಸಂಜೆ ಐದೂವರೆಗೆ ಕಪ್ಪು. ಟ್ಯೂಬ್‌ಲೈಟ್ ಕೆಳಗೆ ಯಾವುದೂ ಅಲ್ಲ. ನಾಲ್ಕು ಸಾಲಿನ ಕೋಷ್ಟಕ ಬರೆದು ಅಕ್ಕನಿಗೆ ತೋರಿಸಿದೆ. "ಇಂಥದ್ದೊಂದು ಕೆಲ್ಸಕ್ಕೆ ಸರ್ಕಾರ ಸಂಬಳ ಕೊಡೋ ಅಂಗಿದ್ರೆ ನೀನೇ ಆಫೀಸರು," ಎಂದಳು.

ತೊಂದರೆ ಬಂದದ್ದು ಕಂಚಿಗೆ. ಮಿನುಗುವ ಕಂಚಿನ ಬಣ್ಣ ಬಂಗಾರಪೇಟೆಯ ಅಂಗಡಿಯಲ್ಲಿ ಇರಲಿಲ್ಲ. ತರಿಸಿಕೊಡಲು ಎಂಟು ಹತ್ತು ದಿನ ಬೇಕು ಎಂದರು. ಹುಟ್ಟುಹಬ್ಬಕ್ಕೆ ಉಳಿದದ್ದು ಆರು ದಿನ. ಕಂದು, ಹಳದಿ ಬೆರೆಸಿ ನೋಡಿದೆವು. ಹುಣಸೆಹಣ್ಣಿನ ಗೊಜ್ಜಿನ ಹಾಗೆ ಕಂಡಿತು. ಕುಮಾರಣ್ಣ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡರು. ಮನೆಗೆ ಹೋಗಿ ಒಂದು ಹಳೆಯ ಗೋಣಿಚೀಲ ಹೊತ್ತು ತಂದರು.

"ಸೈನೈಡ್ ಮಣ್ಣು. ನಮ್ಮಪ್ಪ ನೆಲಕ್ಕೆ ಆಕ್ಬೇಕು ಅಂತ ತಂದಿಟ್ಟಿದ್ದು. ಇಷ್ಟು ನುಣುಪು ಮರಳು ಎಲ್ಲೂ ಸಿಗಲ್ಲ ಮಾ. ಬಿಸಿಲು ಬಿದ್ರೆ ಮಿಣ್ ಅಂತದೆ."

ಹೊರಗಿನ ಓದುಗರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣಿನ ರಾಶಿಗಳು ಕೆಜಿಎಫ್‌ನಲ್ಲಿ ಬೆಟ್ಟದ ಹಾಗೆ ನಿಂತಿವೆ. ಚಿನ್ನ ಬೇರ್ಪಡಿಸಲು ಬಳಸಿದ್ದರ ಹೆಸರೇ ಅವಕ್ಕೂ ಬಂತು. ಸೈನೈಡ್ ದಿಬ್ಬ. ಬೇರೆಯವರು ಈ ಪದ ಕೇಳಿದರೆ ಹೌಹಾರುತ್ತಾರೆ. ನಾವು ಅದನ್ನು ದಾರಿ ಹೇಳಲು ಬಳಸುತ್ತೇವೆ. "ಸೈನೈಡ್ ದಿಬ್ಬ ದಾಟಿ ಬಲಕ್ಕೆ ತಿರುಗಿ, ಎರಡನೇ ಮನೆ." ಲೈನಿನ ಅಜ್ಜಿಯರು ಆ ಮಣ್ಣಿನಲ್ಲಿ ಚೆಂಬು ತಿಕ್ಕಿದ್ದಾರೆ. ಇಲಿ ಬಿಲ ಮುಚ್ಚಿದ್ದಾರೆ. ಗಾಳಿ ಬಂದಾಗ ಒಣಗಿದ ಬಟ್ಟೆಯ ಮೇಲಿಂದ ಅದನ್ನೇ ಕೊಡವಿದ್ದಾರೆ. ದಿನಾ ಹೇಳುವ ಪದಕ್ಕೆ ಭಯ ಎಲ್ಲಿಂದ ಬರಬೇಕು?

ನನಗೂ ಬರಲಿಲ್ಲ. ಒಂದು ಹಿಡಿ ಹಾಕಿ ಕಲಸಿದರು, ಸಾಲಲಿಲ್ಲ. ಮೂರು ಹಾಕಿದರು. "ಇನ್ನೂ ಸ್ವಲ್ಪ," ಎಂದವಳು ನಾನು. ಆರನೆಯ ಹಿಡಿಗೆ ಕಂಚು ಬಂತು. ಮುಟ್ಟಿದರೆ ತರಿತರಿ, ಬಾಗಿಲಿನ ಬಿಸಿಲು ಬಿದ್ದರೆ ಗರಿಯ ಉಂಗುರದಂತೆಯೇ ಮಿಣುಕು. ಫೋನಿನಲ್ಲಿ ಇದಕ್ಕೆ ಟೆಕ್ಸ್ಚರ್ ಎನ್ನುತ್ತಾರೆ.

ಹುಟ್ಟುಹಬ್ಬದ ದಿನ ಬಂದವರು ಕೇಕಿಗಿಂತ ಗೋಡೆಯನ್ನೇ ಹೆಚ್ಚು ನೋಡಿದರು. ಮೂವತ್ತೆಂಟು ಜನ ಬಂದಿದ್ದರು, ಅವರಲ್ಲಿ ಇಪ್ಪತ್ತಾರು ಜನ ಗೋಡೆಯ ಮುಂದೆ ಫೋಟೊ ತೆಗೆಸಿಕೊಂಡರು. ಆಚೆಮನೆ ಪದ್ಮಕ್ಕ ಕುಮಾರಣ್ಣನನ್ನು ಅಲ್ಲೇ ಬುಕ್ ಮಾಡಿದರು. ನನ್ನ ಪುಸ್ತಕದಲ್ಲಿ ಆ ದಿನದ ಕೊನೆಯ ಸಾಲು: "ಎಲ್ಲ ಪ್ಲಾನಿನಂತೆ."

ಈಗ ಮತ್ತೆ ಫೆಬ್ರುವರಿ ಒಂಬತ್ತಕ್ಕೆ ಬರೋಣ. ಹಾಲಿನ ಕೇಂದ್ರದಲ್ಲಿ ಆ ಬೆಳಗ್ಗೆ ಹದಿನೇಳು ಸ್ಯಾಂಪಲ್ ನೋಡಿದೆ, ಮೂರನ್ನು ತಪ್ಪು ಕಾಲಮ್ಮಿನಲ್ಲಿ ಬರೆದೆ. ಹನ್ನೊಂದೂ ಕಾಲಿಗೆ ಅಕ್ಕನ ಫೋನ್.

"ಪಾಪು ವಾಂತಿ ಮಾಡ್ಕೊಂತಾ ಅವ್ಳೆ ಮಂಜಿ. ಎರಡ್ ಸಲ ಆಯ್ತು."

"ಯಾವ ಬಣ್ಣ?" ಎಂದೆ.

"ಏನು?"

"ವಾಂತಿ ಯಾವ ಬಣ್ಣ ಐತೆ?"

ಅಕ್ಕನಿಗೆ ರೇಗಿತು. "ಮಗೀಗೆ ಉಷಾರಿಲ್ಲ ಅಂದ್ರೆ ಬಣ್ಣ ಕೇಳ್ತೀಯಲ್ಲೇ. ಆ ಗೋಡೆ ನಿನ್ ತಲೆಗೇ ಅತ್ಕೊಂಡೈತೆ."

ಬಂಗಾರಪೇಟೆಗೇ ಕರೆದುಕೊಂಡು ಬಾ ಎಂದೆ. ಆಟೋ ಹನ್ನೆರಡು ಇಪ್ಪತ್ತಕ್ಕೆ ಬಂತು. ಈ ಅರವತ್ತೈದು ನಿಮಿಷ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಓದಿದೆ. ಓದಬಾರದಿತ್ತು. ಆ ಒಂದು ಪದವನ್ನು ಟೈಪ್ ಮಾಡಿದರೆ ಏನೇನು ಬರುತ್ತದೆ ಎಂದು ನಿಮಗೇ ಗೊತ್ತಿರಬಹುದು. ನಿಮಿಷಗಳ ಲೆಕ್ಕ ಬರುತ್ತದೆ. ಏಳೂ ನಲವತ್ತರಿಂದ ನಾನು ಎಣಿಸತೊಡಗಿದೆ.

ಆಟೋದಿಂದ ಇಳಿದ ಅಕ್ಕನ ಹೆಗಲ ಮೇಲೆ ನಿತ್ಯಾ ತಲೆ ಇಟ್ಟಿದ್ದಳು. ನನ್ನನ್ನು ಕಂಡರೆ ಕೈ ಚಾಚುವವಳು ಅವತ್ತು ಚಾಚಲಿಲ್ಲ.

ಡಾಕ್ಟರ್ ವಯಸ್ಸಾದವರು. ಕಣ್ಣಿನ ರೆಪ್ಪೆ ಎಳೆದು ನೋಡಿದರು, ಹೊಟ್ಟೆ ಒತ್ತಿದರು. "ಬೆಳಗ್ಗೆಯಿಂದ ಏನು ಕೊಟ್ರಿ?"

"ರಾಗಿ ಸರಿ ಸಾರ್. ಅರ್ಧ ಬಾಳೆಹಣ್ಣು. ಬೇರೆ ಏನೂ ಇಲ್ಲ," ಎಂದಳು ಅಕ್ಕ.

"ಬೇರೆ ಏನೂ ಬಾಯಿಗೆ ಹಾಕ್ಕೊಂಡಿಲ್ವಾ?"

"ಇಲ್ಲ ಸಾರ್, ನಾನು ನೋಡ್ಕೊಂತಾ ಇರ್ತೀನಿ."

"ಗೋಡೆ ತಿಂದಿದ್ದಾಳೆ," ಎಂದೆ ನಾನು. "ಏಳೂ ನಲವತ್ತಕ್ಕೆ. ಉಗುರಿನಷ್ಟು."

ಅಕ್ಕ ನನ್ನ ಕಡೆ ತಿರುಗಿದಳು. ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು. "ನಾಕೂವರೆ ಗಂಟೆ ಒಟ್ಟೇಲಿ ಇಟ್ಕೊಂಡಿದ್ಯಾ? ನಂಗೆ ಒಂದ್ ಮಾತು ಏಳ್ಬೇಕು ಅನ್ಸಲಿಲ್ವಾ?" ಎಂದಳು. ಬಹಳ ಮೆಲ್ಲಗೆ.

ನಾನು ಬ್ಯಾಗಿನಿಂದ ಪುಸ್ತಕ ತೆಗೆದು ಡಾಕ್ಟರ್ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ಆ ಸಾಲು ಓದಿದರು. "ಎಷ್ಟು ಹಿಡಿ ಅಂತ ಇಷ್ಟು ಸರಿಯಾಗಿ ಬರ್ದಿದ್ದೀಯ. ಆ ಹಿಡಿಯಲ್ಲಿ ಏನಿದೆ ಅಂತ ಯಾರನ್ನಾದ್ರೂ ಕೇಳಿದ್ಯಾ?"

ನಾನು ಪುಸ್ತಕವನ್ನು ಬ್ಯಾಗಿಗೆ ಹಾಕಿದೆ.

"ಹೆಸರಿಗೆ ಹೆದರ್ಬೇಡಿ," ಎಂದರು ಆಮೇಲೆ. "ಆ ಹೆಸರಿನ ವಿಷ ಆಗಿದ್ರೆ ಮಗು ಇಷ್ಟು ಹೊತ್ತು ಹೀಗೆ ನಿಮ್ಮ ಹೆಗಲ ಮೇಲೆ ಇರ್ತಿರಲಿಲ್ಲ. ಆದ್ರೆ ಬೇರೆ ಏನೋ ಇರಬಹುದು. ರಕ್ತ ತೆಗೀತೀನಿ. ರಿಪೋರ್ಟ್ ಬೆಂಗಳೂರಿಂದ ಬರ್ಬೇಕು, ಹತ್ತು ದಿನ."

ಸಂಜೆ ಐದರವರೆಗೆ ಅಲ್ಲೇ ಇರಿಸಿಕೊಂಡರು. ವಾಂತಿ ಮೂರನೆಯ ಸಲಕ್ಕೆ ನಿಂತಿತು. ನಾಲ್ಕು ಗಂಟೆಗೆ ನಿತ್ಯಾ ನರ್ಸಿನ ಪೆನ್ನು ಕಿತ್ತುಕೊಂಡು ಬಾಯಿಗಿಟ್ಟಳು. ಅದನ್ನು ನೋಡಿ ಅಕ್ಕ ಅತ್ತಳು, ಆ ದಿನ ಮೊದಲ ಸಲ.

ಆಮೇಲೆ ನಾವು ಮಾಡಿದ್ದನ್ನು ಬರೆಯಲು ಇನ್ನೂ ಹಿಂಜರಿಕೆಯಾಗುತ್ತದೆ. ಮನೆಗೆ ಬಂದದ್ದು ಆರು ಗಂಟೆಗೆ. ಅಕ್ಕ ಪಾಪುವನ್ನು ಹೊಸ್ತಿಲಲ್ಲಿ ಪದ್ಮಕ್ಕನ ಮಡಿಲಿಗೆ ಕೊಟ್ಟು, ತೆಂಗಿನಕಾಯಿ ಒಡೆಯುವ ಮಚ್ಚು ತಗೊಂಡು, ಕಂಚಿನ ಪಟ್ಟಿಯನ್ನು ಕೆರೆಯತೊಡಗಿದಳು. ನಾನು ದೋಸೆ ಮಗುಚುವ ಸಟ್ಟುಗದಿಂದ ಇನ್ನೊಂದು ಕೊನೆ ಕೆರೆದೆ. ಇಪ್ಪತ್ತು ನಿಮಿಷದಲ್ಲಿ ಒಂದು ಅಡಿ ಬಂತು. ಪುಡಿ ಎದ್ದು ಬಾಗಿಲಿನ ಬೆಳಕಿನಲ್ಲಿ ತೇಲಿತು. ಹೊಸ್ತಿಲಲ್ಲಿ ನಿತ್ಯಾ ಎರಡು ಸಲ ಸೀನಿದಳು. ಪದ್ಮಕ್ಕ, "ಏಮ್ಮಾ, ಗೋಡೆ ಮೇಲೆ ಯಾಕಿಷ್ಟು ಕೋಪ," ಎಂದರು. ಕೈ ಸೋತು ಬಿಟ್ಟೆವು.

ಫೆಬ್ರುವರಿ ಹತ್ತೊಂಬತ್ತು, ಗುರುವಾರ, ಮಧ್ಯಾಹ್ನ ಮೂರು ಗಂಟೆ. ರಿಪೋರ್ಟ್ ಬಂತು.

"ಸೀಸ," ಎಂದರು ಡಾಕ್ಟರ್. "ಇರಬಾರದಷ್ಟು ಇದೆ. ಹೆದರಿ ಕೂರುವಷ್ಟಿಲ್ಲ, ಮರೆತುಬಿಡುವಷ್ಟೂ ಇಲ್ಲ."

"ಆ ಮಣ್ಣಿಂದಾನಾ ಸಾರ್?"

"ಗೊತ್ತಿಲ್ಲಮ್ಮಾ. ಇರಬಹುದು. ಹಳೇ ಮನೆ ಅಂದ್ರಲ್ಲ, ಹೊಸ ಬಣ್ಣ ಹಚ್ಚೋ ಮೊದಲು ಹಳೇ ಬಣ್ಣ ಏನು ಮಾಡಿದ್ರಿ?"

ಪುಸ್ತಕ ತೆರೆಯುವ ಅಗತ್ಯವೇ ಇರಲಿಲ್ಲ. ಆದರೂ ತೆರೆದೆ. ಜನವರಿ ಇಪ್ಪತ್ತನಾಲ್ಕು, ಇಪ್ಪತ್ತೈದು. "ಹಳೆ ಬಣ್ಣ ಕೆರೆತ. ಐದು ಪದರ: ಕ್ರೀಮ್, ಗುಲಾಬಿ, ಆಕಾಶನೀಲಿ, ಮತ್ತೆ ಕ್ರೀಮ್, ತಳದಲ್ಲಿ ಎಣ್ಣೆಬಣ್ಣದ ಕಡುಹಸಿರು. ಪುಡಿ ಎರಡು ಚೀಲ. ಪಾಪು ಚಾಪೆಯ ಮೇಲೆ ಆಡುತ್ತಿದ್ದಾಳೆ." ಪದರಗಳು ಒಂದೊಂದಾಗಿ ಹೊರಬಂದಾಗ ಖುಷಿಯಿಂದ ಎಣಿಸಿದ್ದೆ. ಈ ಮನೆಯಲ್ಲಿ ನಮಗಿಂತ ಮೊದಲು ಎಷ್ಟು ಜನ ಎಷ್ಟು ಸಲ ಚೆಂದ ಮಾಡಿಕೊಂಡರು ಎಂದು ಒಂದು ಅಂಕಣವನ್ನೇ ಬರೆಯುವ ಯೋಚನೆ ಇತ್ತು.

"ಹಳೇ ಎಣ್ಣೆಬಣ್ಣಗಳಲ್ಲಿ ಸೀಸ ಇರೋದು ಸಾಮಾನ್ಯ," ಎಂದರು ಡಾಕ್ಟರ್. "ಗೋಡೆಯ ಮೇಲೆ ಗಟ್ಟಿಯಾಗಿ ಕೂತಿದ್ರೆ ಅದರ ಪಾಡಿಗೆ ಅದು. ಒಣ ಕೆರೆದ್ರೆ ಪುಡಿ ಆಗಿ ನೆಲಕ್ಕೆ, ಚಾಪೆಗೆ, ಮಗುವಿನ ಕೈಗೆ. ಆಮೇಲೆ ಏನಾದ್ರೂ ಗೋಡೆ ಮುಟ್ಟಿದ್ರಾ?"

ಅಕ್ಕ ನನ್ನನ್ನು ನೋಡಿದಳು. ನಾನು ಅಕ್ಕನನ್ನು ನೋಡಿದೆ.

"ಒಂದು ಅಡಿ ಕೆರೆದ್ವಿ ಸಾರ್," ಎಂದಳು ಅಕ್ಕ. "ರಕ್ತ ತೆಗೆದ ದಿನವೇ, ಸಂಜೆ."

"ರಕ್ತ ತೆಗೆದ ಮೇಲಾ?"

"ಹೂಂ ಸಾರ್."

ಅಂದರೆ ಆ ಕಾಗದದಲ್ಲಿರುವ ಅಂಕಿಗೆ ಆ ಇಪ್ಪತ್ತು ನಿಮಿಷ ಸೇರಿಲ್ಲ. ಡಾಕ್ಟರ್ ಬಾಯಿಬಿಟ್ಟು ಹೇಳಲಿಲ್ಲ. ಲೆಕ್ಕ ಬರುವವರಿಗೆ ಹೇಳಬೇಕಾಗಿಯೂ ಇಲ್ಲ.

ಅದು ಮಗುವಿಗೆ ಏನು ಮಾಡುತ್ತದೆ ಎಂದು ಕೇಳಿದ್ದು ಅಕ್ಕ. ಮಿದುಳು ಬೆಳೆಯುವ ವಯಸ್ಸು ಎಂದರು. ಹೆಚ್ಚಾದರೆ ಮಾತು ತಡವಾಗಬಹುದು, ಕಲಿಯುವುದು ನಿಧಾನವಾಗಬಹುದು. ಆಗದೆಯೂ ಇರಬಹುದು. ಇವತ್ತು ನೋಡಿದರೆ ಏನೂ ಕಾಣುವುದಿಲ್ಲ. ಮಗುವನ್ನು ಆ ಮನೆಯಿಂದ ದೂರ ಇಡಿ, ಮಾರ್ಚ್ ಹತ್ತೊಂಬತ್ತಕ್ಕೆ ಮತ್ತೆ ರಕ್ತ ತೆಗೆಯೋಣ ಎಂದು ಚೀಟಿ ಬರೆದರು.

ಜ್ವರ ಬಂದರೆ ಮೈ ಸುಡುತ್ತದೆ, ಗಾಯವಾದರೆ ರಕ್ತ ಬರುತ್ತದೆ. ಇದಕ್ಕೆ ಎರಡೂ ಇಲ್ಲ. ನಗುತ್ತ, ಪೆನ್ನು ಕಚ್ಚುತ್ತ, ನನ್ನ ಕನ್ನಡಕ ಎಳೆಯುತ್ತ ಇರುವ ಮಗುವಿನೊಳಗೆ ಏನಾಗುತ್ತಿದೆ ಎಂದು ತಿಳಿಯಲು ನಾವು ಎಷ್ಟು ವರ್ಷ ಕಾಯಬೇಕು? ಅವಳು ಮೊದಲ ಸಲ ಅ ಆ ಇ ಈ ತಪ್ಪಿದ ದಿನ, ಮಕ್ಕಳು ತಪ್ಪುವುದು ಸಹಜ ಎಂದು ನಾನು ನಂಬಬಲ್ಲೆನೇ?

ಇಪ್ಪತ್ತರ ಶುಕ್ರವಾರ ಅಕ್ಕ ಪಾಪುವನ್ನು ಎತ್ತಿಕೊಂಡು ಕ್ಯಾಸಂಬಳ್ಳಿ ಬಸ್ ಹತ್ತಿದಳು. ಚಾಪೆ, ಆಟದ ಸಾಮಾನು ಯಾವುದನ್ನೂ ಒಯ್ಯಲಿಲ್ಲ. ಕಿಟಕಿಯಿಂದ ಒಂದೇ ಮಾತು ಹೇಳಿದಳು. "ಆ ಗೋಡೆ ಏನ್ ಮಾಡ್ಬೇಕು ಅಂತ ಸರ್ಯಾಗಿ ತಿಳ್ಕೊಂಡು ಫೋನ್ ಮಾಡು. ಅಲ್ಲೀಗಂಟ ನಾವ್ ಬರಾಕಿಲ್ಲ."

ನಾನು ಮೊದಲು ಹೋದದ್ದು ಕುಮಾರಣ್ಣನ ಹತ್ತಿರ. ಹುಟ್ಟುಹಬ್ಬದ ಮೇಲೆ ಅವರಿಗೆ ನಾಲ್ಕು ಮನೆಯ ಕೆಲಸ ಸಿಕ್ಕಿತ್ತು. ಎಲ್ಲವೂ ನವಿಲು ಗೋಡೆ. ಮೂರು ಮುಗಿದಿವೆ, ಒಂದು ಅರ್ಧ. ಎಲ್ಲ ಕಡೆ ಒಣ ಕೆರೆತ, ಎಲ್ಲ ಕಡೆ ಅದೇ ಚೀಲದ ಮಣ್ಣು. ಆ ನಾಲ್ಕು ಮನೆಗಳಲ್ಲಿ ಆರು ವರ್ಷದೊಳಗಿನ ಮಕ್ಕಳು ಏಳು.

ಅವರು ಎಲ್ಲ ಕೇಳಿಸಿಕೊಂಡರು. ನಾನು ಜಗಳಕ್ಕೆ ಸಿದ್ಧವಾಗಿ ಹೋಗಿದ್ದೆ. ಅವರು ತಮ್ಮ ಕೈಗಳನ್ನು ತಿರುಗಿಸಿ ನೋಡಿಕೊಂಡರು.

"ಎರಡು ದಿನ ಕೆರೆದಿದ್ದಕ್ಕೆ ಪಾಪೂಗೆ ಇಷ್ಟು ಬಂದೈತೆ ಅಂತೀಯ. ನಾನು ಮೂವತ್ತು ವರ್ಷ ಕೆರ್ದಿದೀನಿ ಮಾ. ಕೈ ತೊಳೀದೆ ಟೀ ಕುಡ್ದಿದೀನಿ. ನನ್ ಒಳಗೆ ಎಷ್ಟಿರ್ಬೇಕು? ಅದನ್ನೂ ನಿನ್ ಪುಸ್ತಕದಲ್ಲಿ ಬರ್ಕೊ."

ಬರೆದುಕೊಂಡಿದ್ದೇನೆ.

ಅರ್ಧ ಆದ ಮನೆಯ ಕೆಲಸವನ್ನು ಅವರು ಆ ದಿನವೇ ನಿಲ್ಲಿಸಿದರು. ಉಳಿದ ಮೂರು ಮನೆಗಳಿಗೆ ಶನಿವಾರ ನಾನೇ ಹೋದೆ. ಮಕ್ಕಳ ರಕ್ತ ಒಮ್ಮೆ ನೋಡಿಸಿ ಎಂದು ಹೇಳಿದೆ. ಒಂದು ಮನೆಯಲ್ಲಿ ನೀರು ಕೊಟ್ಟು ಕಳಿಸಿದರು. ಇನ್ನೊಂದು ಮನೆಯಲ್ಲಿ, "ನೋಡ್ಸಿ ಏನಾದ್ರೂ ಬಂದ್ರೆ ಆಮೇಲೆ ಎಲ್ಲೋಗಾದು? ಇಡೀ ಲೈನೇ ಇದೇ ಗೋಡೆ," ಎಂದರು.

ಮೂರನೆಯ ಮನೆಯ ಪದ್ಮಕ್ಕ ನಕ್ಕರು. "ನಮ್ಮತ್ತೆ ಆ ಮಣ್ಣಾಗೇ ಚೆಂಬು ತಿಕ್ಕಿ ತಿಕ್ಕಿ ಎಂಬತ್ತು ವರ್ಷ ಬದುಕಿದ್ರು. ನಿಮ್ ಪಾಪೂಗೆ ಕೇಕ್ ಜಾಸ್ತಿ ಆಗಿರ್ಬೇಕು. ನಿಂಗೆ ಪುಸ್ತಕ ಜಾಸ್ತಿ ಆಗೈತೆ."

"ಇರಬಹುದು ಪದ್ಮಕ್ಕ," ಎಂದೆ.

ಮರುದಿನ ಬೆಳಗ್ಗೆ ಅವರ ಬಾಗಿಲು ತೆರೆದಿತ್ತು. ಮಂಚವನ್ನು ಎಳೆದು ಕಂಚಿನ ಪಟ್ಟಿಗೆ ಅಡ್ಡಲಾಗಿ ಹಾಕಿದ್ದರು, ಮೊಮ್ಮಗನ ಕೈಗೆ ಗೋಡೆ ಸಿಗದ ಹಾಗೆ. ನನ್ನನ್ನು ಕಂಡು ಮುಖ ತಿರುಗಿಸಿದರು. ನಾನೂ ಕಂಡಿಲ್ಲವೆಂಬಂತೆ ನಡೆದೆ.

ನಾವು ಬಣ್ಣ ಆರಿಸುವಾಗ ಎಷ್ಟೆಲ್ಲ ಪ್ರಶ್ನೆ ಕೇಳುತ್ತೇವೆ ನೋಡಿ. ಬಿಸಿಲಿಗೆ ಮಾಸುತ್ತದೆಯೇ? ನೀರು ಬಿದ್ದರೆ ಹೋಗುತ್ತದೆಯೇ? ಪರದೆಗೆ ಹೊಂದುತ್ತದೆಯೇ? ನಾನಂತೂ ಅಂಗಡಿಯಲ್ಲಿ ಮೂವತ್ತೊಂದು ನೀಲಿಗಳನ್ನು ಒಂದೊಂದಾಗಿ ಗರಿಯ ಪಕ್ಕದಲ್ಲಿಟ್ಟು ನೋಡಿದವಳು. ಮಗುವಿನ ಬಾಯಿಯ ಎತ್ತರ ಎಷ್ಟು ಎಂದು ಮಾತ್ರ ಅಳೆಯಲಿಲ್ಲ. ಫೋನಿನಲ್ಲಿ ಓದದೇ ಇದ್ದದ್ದು ಎಂದೆನಲ್ಲ, ಅದು ಇದು. ಗೋಡೆ ಅಲಂಕರಿಸುವ ಯಾವ ಫೋಟೊದ ಕೆಳಗೂ ಹಳೆಯ ಬಣ್ಣವನ್ನು ಏನು ಮಾಡಬೇಕೆಂದು ನಾನು ಹುಡುಕಲಿಲ್ಲ. ಫೋಟೊದಲ್ಲಿ ಹಳೆಯ ಬಣ್ಣ ಇರುವುದೇ ಇಲ್ಲ.

ಈಗ ನಾನೊಬ್ಬಳೇ ಈ ಗೋಡೆಯ ಎದುರು ಕೂತಿದ್ದೇನೆ. ಕೆಳಗಿನ ಭಾಗಕ್ಕೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದೇನೆ. ನೆಲವನ್ನು ದಿನಕ್ಕೆ ಎರಡು ಸಲ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ, ಗುಡಿಸುವುದಿಲ್ಲ. ಇದು ಸರಿಯೋ ತಪ್ಪೋ ಗೊತ್ತಿಲ್ಲ. ಕೆರೆದು ತೆಗೆಯೋಣವೆಂದರೆ ಪುಡಿ ಏಳುತ್ತದೆ. ಮೇಲೊಂದು ಬಣ್ಣ ಬಳಿದು ಮುಚ್ಚೋಣವೆಂದರೆ ಈ ತರಿಮಣ್ಣು ಚಕ್ಕೆಯಾಗಿ ಏಳುತ್ತಲೇ ಇದೆ. ಪ್ಲಾಸ್ಟರ್ ಹಾಕಿಸಿದರೆ ಒಳಗೆ ಗಟ್ಟಿಯಾಗಿ ಕೂರುತ್ತದೆಯೇ? ಎರಡು ಚೀಲ ಪುಡಿಯನ್ನು ಲೈನಿನ ಹಿಂದಿನ ಗುಂಡಿಗೆ ಸುರಿದೆವು, ಅದನ್ನು ಈಗ ಏನು ಮಾಡಬೇಕು? ಡಾಕ್ಟರಿಗೆ ಗೊತ್ತಿಲ್ಲ. ಪೇಂಟ್ ಅಂಗಡಿಯವರಿಗೆ ಗೊತ್ತಿಲ್ಲ. ಮಣ್ಣನ್ನು ಎಲ್ಲಿ ಪರೀಕ್ಷೆ ಮಾಡಿಸಬೇ​ಕೆಂದು ನಾನು ಕೇಳಿದ ಐದು ಕಡೆಯೂ ಆರನೆಯ ಕಡೆಯ ವಿಳಾಸ ಕೊಟ್ಟರು.

ಆದ್ದರಿಂದ ನಿಮ್ಮನ್ನು ಕೇಳುತ್ತಿದ್ದೇನೆ. ಆ ದಿಬ್ಬಗಳ ಮಣ್ಣನ್ನು ಪರೀಕ್ಷೆ ಮಾಡಿಸಿದವರು, ಹಳೆಯ ಬಣ್ಣವನ್ನು ಪುಡಿ ಏಳದಂತೆ ತೆಗೆಯಲು ಬಲ್ಲವರು, ಮಗುವಿಗೆ ಇಂಥ ರಿಪೋರ್ಟ್ ಬಂದು ಆಮೇಲೆ ಅದು ಇಳಿದದ್ದನ್ನು ಕಂಡ ತಾಯಂದಿರು, ಯಾರಾದರೂ ಸರಿ, ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ಮಾರ್ಚ್ ಹತ್ತೊಂಬತ್ತರೊಳಗೆ ಬರೆದರೆ ಉಪಕಾರ. ಹೆಸರು ಹಾಕಲು ಹೆದರಿಕೆಯಾದರೆ ಬೇಡ. ನಿಮ್ಮ ಗೋಡೆಯ ವಯಸ್ಸು, ನಿಮ್ಮ ಮಗುವಿನ ವಯಸ್ಸು, ಇವೆರಡನ್ನು ಬರೆದರೆ ಸಾಕು.